ಅಂಟುವಾಳದ ನೀರು ಕುಡಿದ ಹಿತ್ತಲು

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಪೀಪಾಯಿ ಮಾವ ಹಿತ್ತಲಲ್ಲಿ ಒಂದು ಡ್ರಮ್ಮನ್ನು ಅಡ್ಡ ಮಲಗಿಸಿ, ಎರಡು ಕಬ್ಬಿಣದ ಪೈಪುಗಳ ಮೇಲೆ ಅದನ್ನು ಕಾಲಿನಿಂದ ಅತ್ತಿತ್ತ ಉರುಳಿಸುತ್ತಿದ್ದ. ಡ್ರಮ್ಮಿನ ಹೊಟ್ಟೆಯಲ್ಲಿ ಒಂದು ತುಂಡು ಸರಪಳಿ ಮತ್ತು ಸ್ವಲ್ಪ ಸೀಮೆಎಣ್ಣೆ ಇತ್ತು. ಸರಪಳಿ ಒಳಗೋಡೆಗೆ ಬಡಿಯುವ ಸದ್ದಿಗೆ ಆ ಬೀದಿಯ ಮಕ್ಕಳು ಹುಟ್ಟಿದಾಗಿನಿಂದ ಒಗ್ಗಿಹೋಗಿದ್ದರು. ಆ ಗಲಾಟೆಯಲ್ಲಿ ಗೇಟಿನ ಮುಂದೆ ಗಾಡಿ ಬಂದು ನಿಂತದ್ದು ಅವನಿಗೆ ಕೇಳಿಸಲಿಲ್ಲ. ತಲೆಯೆತ್ತಿದಾಗ ಅಕ್ಕ ಎದುರಿಗೇ ನಿಂತಿದ್ದಳು.

"ನಿಲ್ಸೋ ಆ ಡಬಡಬಾನ. ಸತ್ತೋರೂ ಎದ್ದು ಕೂತ್ಕೋತಾರೆ."

ಅವನು ಕಾಲು ತೆಗೆದ. ಡ್ರಮ್ಮು ತನ್ನಷ್ಟಕ್ಕೆ ಅರ್ಧ ಸುತ್ತು ಉರುಳಿ ಸುಮ್ಮನಾಯಿತು.

"ಏನಕ್ಕ, ಹೇಳದೆ ಕೇಳದೆ?"

"ಹಾಸ್ಟೆಲ್ ಮುಚ್ಚಿಬಿಟ್ರು. ಅಡುಗೆ ಮಾಡೋಳಿಗೆ ಅಡುಗೆಮನೇನೇ ಇಲ್ಲ ಅಂದ್ಮೇಲೆ ಅಲ್ಲಿ ಯಾಕಿರ್ಲಿ? ಇನ್ನು ಇಲ್ಲೇ. ಬೇಡ ಅನ್ನೋದಿದ್ರೆ ಈಗ್ಲೇ ಹೇಳು, ಗಾಡಿಯೋನು ಇನ್ನೂ ಹೋಗಿಲ್ಲ."

"ಬೇಡ ಅನ್ನೋಕೆ ನನಗೇನು ತಲೆ ಕೆಟ್ಟಿದೆಯಾ?" ಎಂದು ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅವಳ ಚೀಲಗಳನ್ನು ಎತ್ತಿಕೊಳ್ಳಲು ಹೋದ. ಅವಳು ಅವನ ಕೈ ನೋಡಿ, ಚೀಲಗಳನ್ನು ತಾನೇ ಎತ್ತಿಕೊಂಡಳು.

ಅವನ ನಿಜವಾದ ಹೆಸರು ಸರ್ಕಾರಿ ಕಾಗದಗಳಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಗ್ಯಾರೇಜುಗಳಿಂದ ಎಂಜಿನ್ ಆಯಿಲ್, ಗೇರ್ ಆಯಿಲ್ ಖಾಲಿಯಾದ ಡ್ರಮ್ಮುಗಳನ್ನು ತಂದು, ತೊಳೆದು, ನೆಗ್ಗಿದ್ದನ್ನು ಬಡಿದು ನೆಟ್ಟಗೆ ಮಾಡಿ, ನೀರು ತುಂಬಿಸಿಡುವವರಿಗೆ, ಕಟ್ಟಡ ಕಟ್ಟುವವರಿಗೆ ಮಾರುವುದು ಅವನ ಕಸುಬು. ಮೂವತ್ತು ವರ್ಷಕ್ಕೂ ಮೇಲಾಯಿತು. ಮೊದಲು ಬಿರಡೆ ತಿರುಗಿಸಿ ತೆಗೆದು, ಡ್ರಮ್ಮನ್ನು ತಲೆಕೆಳಗಾಗಿ ಇಟ್ಟು, ತಳದ ಜಿಡ್ಡು ಇಳಿಯಲು ಬಿಡಬೇಕು. ಆಮೇಲೆ ಸೀಮೆಎಣ್ಣೆ, ಸರಪಳಿ, ಉರುಳಾಟ. ಆ ಕರಿ ರಸವನ್ನು ಬಗ್ಗಿಸಿದ ಮೇಲೆ ಮರದ ಹೊಟ್ಟು ಹಾಕಿ ಮತ್ತೊಮ್ಮೆ ಉರುಳಿಸಿದರೆ ಉಳಿದದ್ದನ್ನು ಹೊಟ್ಟು ಹೀರಿಕೊಳ್ಳುತ್ತದೆ. ಕೊನೆಗೆ ಬಿಸಿಲಿಗೆ ಒಂದು ಸಣ್ಣ ಕನ್ನಡಿ ಹಿಡಿದು, ಬಿರಡೆಯ ತೂತಿನಿಂದ ಬೆಳಕನ್ನು ಒಳಗೆ ಬಿಟ್ಟು ನೋಡಬೇಕು. ತಗಡು ಬೆಳ್ಳಗೆ ಹೊಳೆದರೆ ಡ್ರಮ್ಮು ತೊಳೆದಂತೆ. ಬಗ್ಗಿಸಿದ ಕರಿ ರಸ ಎಲ್ಲಿ ಹೋಗುತ್ತದೆ ಎಂದು ಯಾರಾದರೂ ಕೇಳಿದರೆ, "ನೆಲ ಕುಡ್ಕೊಳ್ಳುತ್ತೆ" ಅನ್ನುತ್ತಿದ್ದ. ಸುಳ್ಳೇನೂ ಅಲ್ಲ, ನೆಲ ಕುಡಿದಿತ್ತು.

ಮದುವೆಯಾಗಲಿಲ್ಲ. ಒಂದೆರಡು ಕಡೆ ಮಾತುಕತೆ ಆಗಿ, ಹೆಣ್ಣಿನ ಕಡೆಯವರು ಮನೆ ನೋಡಲು ಬಂದು, ಹೊಸ್ತಿಲಲ್ಲೇ ಮೂಗು ಮುಚ್ಚಿಕೊಂಡು ಹೋಗಿದ್ದರು. ಆ ಕಥೆಯನ್ನು ಅವನು ತಾನೇ ಹೇಳಿಕೊಂಡು ನಗುತ್ತಿದ್ದ. ಪಕ್ಕದ ಮನೆಯ ಟೈಲರು ಅದಕ್ಕೆ ಕೈ ಸೇರಿಸಿ, "ಒಬ್ಬಳು ನೆಗಡಿಯಾದೋಳು ಸಿಕ್ಕಿದ್ದಿದ್ರೆ ಇಷ್ಟೊತ್ತಿಗೆ ಮೊಮ್ಮಕ್ಕಳು ಇರ್ತಿದ್ರು" ಅನ್ನುತ್ತಿದ್ದ.

ಮನೆ ಅವನದು. ಹಿತ್ತಲು ಅವನದಲ್ಲ. ಅಪ್ಪ ಸಾಯುವ ಮುಂಚೆ ಮನೆಯನ್ನು ಮಗನಿಗೂ ಹಿತ್ತಲು ಮತ್ತು ಅದರ ಮೂಲೆಯ ಬಾವಿಯನ್ನು ಮಗಳಿಗೂ ಬರೆದಿದ್ದ. ತಾಯಿಯಿಲ್ಲದ ತಮ್ಮನನ್ನು ಸಾಕಲು ಶಾಲೆ ಬಿಟ್ಟು ಒಲೆ ಮುಂದೆ ಕೂತವಳು ಅಕ್ಕ. ಅವಳಿಗೆ ಇಷ್ಟಾದರೂ ಇರಲಿ ಎಂದು ಅಪ್ಪನಿಗೆ ಅನ್ನಿಸಿರಬೇಕು. ಅವಳು ಮದುವೆಯಾಗಿ ಹೋಗುವಾಗ ತಮ್ಮ ಹಿತ್ತಲನ್ನು ಕೇಳಿದ. "ನಾನೇನು ಅದನ್ನ ಸೆರಗಲ್ಲಿ ಕಟ್ಕೊಂಡು ಹೋಗ್ತೀನಾ? ಎರಡು ವರ್ಷ ಇಟ್ಕೋ, ಆಮೇಲೆ ಜಾಗ ನೋಡ್ಕೋ" ಅಂದಿದ್ದಳು ಅವಳು. ಎರಡು ವರ್ಷಕ್ಕೆ ಮೇಲೆ ಎಷ್ಟೋ ವರ್ಷಗಳು ಸೇರಿಕೊಂಡವು. ಅವಳ ಗಂಡ ತೀರಿಕೊಂಡ, ಮಗಳು ಓದಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳಾದಳು. ಅಕ್ಕ ಹಾಸ್ಟೆಲಿನ ಅಡುಗೆಮನೆಯಲ್ಲಿ ಮುದುಕಿಯಾದಳು. ಜಾಗದ ಮಾತನ್ನು ಅವಳೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ.

ಆ ದಿನ ಸಂಜೆ ಅವಳು ಬರಿಗಾಲಲ್ಲಿ ಹಿತ್ತಲಿಗೆ ಇಳಿದಳು. ಬಾವಿಯ ಸುತ್ತ ನಾಲ್ಕು ಹೆಜ್ಜೆ ಬಿಟ್ಟರೆ ಉಳಿದ ನೆಲವೆಲ್ಲ ಕಪ್ಪಗೆ, ಟಾರು ಬಳಿದ ರಸ್ತೆಯ ಹಾಗೆ ಗಟ್ಟಿ. ಒಂದು ಗರಿಕೆ ಇಲ್ಲ, ಇರುವೆ ಇಲ್ಲ. ಅವಳು ಚೊಂಬಿನಿಂದ ಸ್ವಲ್ಪ ನೀರು ಚೆಲ್ಲಿದಳು. ಕೆಸುವಿನ ಎಲೆಯ ಮೇಲೆ ಬಿದ್ದಂತೆ ಆ ನೀರು ಗುಂಡುಗುಂಡಾಗಿ ಉರುಳಿ ಗೋಡೆಯ ಕಡೆಗೆ ಹರಿದುಹೋಯಿತು. ಎಣ್ಣೆ ಕುಡಿದ ಮಣ್ಣು ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮಳೆಗಾಲದಲ್ಲೂ ಅಷ್ಟೇ, ಬಿದ್ದ ಮಳೆಯೆಲ್ಲ ಮೇಲೆ ಮೇಲೆಯೇ ಹರಿದು ಬೀದಿಯ ಚರಂಡಿ ಸೇರುತ್ತಿತ್ತು.

"ಲೋ, ಇದು ನನ್ನ ಹಿತ್ತಲಾ?"

ಅವನು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದ.

"ನಾನು ಅಲ್ಲಿ ನಾಲ್ಕು ಗೋಡೆ ಮಧ್ಯೆ ಸೌಟು ತಿರುವುತ್ತಾ ಏನು ಯೋಚನೆ ಮಾಡ್ತಿದ್ದೆ ಗೊತ್ತಾ? ಕೆಲಸ ಮುಗಿದ ಮೇಲೆ ಬಂದು ಬಾವಿ ಪಕ್ಕ ನಾಲ್ಕು ಮಡಿ ಮಾಡ್ಕೊಂಡು ಸೊಪ್ಪು, ಬದನೆ, ಮೆಣಸಿನಕಾಯಿ ಹಾಕ್ಬೇಕು ಅಂತ. ಕೈಗೆ ಕೆಲಸ ಇಲ್ದೆ ಕೂತೋಳಲ್ಲ ನಾನು."

"ಸರಿ ಮಾಡ್ಕೊಡ್ತೀನಿ ಅಕ್ಕ."

"ಮಳೆ ಹಿಡಿಯೋ ಹೊತ್ತಿಗೆ ಮಾಡ್ಕೊಡು. ಇಲ್ಲ ಅಂದ್ರೆ ಮಗಳ ಹತ್ರ ಹೋಗ್ತೀನಿ. ಅವಳು ಕರೀತಾನೇ ಇದ್ದಾಳೆ. ಈ ಕರಿ ಕಲ್ಲು ನೋಡ್ಕೊಂಡು ನನ್ನ ಕೈಲಿ ಕೂರೋಕಾಗಲ್ಲ."

ಅವಳು ಕೋಪದಲ್ಲಿ ಹೇಳಿದ್ದರೆ ಅವನಿಗೆ ಅಷ್ಟು ತಟ್ಟುತ್ತಿರಲಿಲ್ಲ. ಆ ರಾತ್ರಿ ಎಷ್ಟೋ ವರ್ಷಗಳ ಮೇಲೆ ಮನೆಯಲ್ಲಿ ಇನ್ನೊಬ್ಬರು ಕೆಮ್ಮಿದ ಸದ್ದು ಕೇಳಿಸಿತು. ಬೆಳಿಗ್ಗೆ ಎದ್ದಾಗ ಟೀ ಕುದಿಯುತ್ತಿತ್ತು. ಇದು ಹೋದರೆ ತನಗೆ ಬೇರೆ ಏನೂ ಇಲ್ಲ ಎಂದು ಅವನಿಗೆ ಟೀ ಲೋಟ ಹಿಡಿದುಕೊಂಡಾಗ ಸ್ಪಷ್ಟವಾಯಿತು. ಆ ವಾರವೇ ಡ್ರಮ್ಮುಗಳನ್ನೆಲ್ಲ ಮನೆಯ ಮುಂದಕ್ಕೆ ಸಾಗಿಸಿ, ಹೊಸದಾಗಿ ತರುವುದನ್ನು ನಿಲ್ಲಿಸಿದ.

ಮೊದಲು ಅವನು ಬೇರೆ ಕಡೆಯಿಂದ ಒಳ್ಳೆಯ ಮಣ್ಣು ತಂದು ಮೇಲೆ ಹರಡಿದ. ಅಕ್ಕ ಮೆಂತ್ಯ ಚೆಲ್ಲಿದಳು. ಮೊಳಕೆ ಬಂತು, ಬೇರು ಕೆಳಗಿನ ಕರಿ ಮಣ್ಣು ಮುಟ್ಟಿದ ಕೂಡಲೇ ಹಳದಿಯಾಗಿ ಮಲಗಿತು.

ಅಕ್ಕನ ಮಗಳು ರಜೆಯಲ್ಲಿ ಬಂದವಳು ಅದನ್ನು ನೋಡಿದಳು. ಬಾಯಿ ಸ್ವಲ್ಪ ಚುರುಕು, ಆದರೆ ಮಾವನೆಂದರೆ ಜೀವ. ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಗಾಜಿನ ಬಾಟಲಿ ಇಟ್ಟು, ಎರಡಕ್ಕೂ ಒಂದೊಂದು ಹಿಡಿ ಹಿತ್ತಲ ಮಣ್ಣು ಹಾಕಿದಳು. ಒಂದಕ್ಕೆ ಬರೀ ನೀರು. ಇನ್ನೊಂದಕ್ಕೆ ಅಂಟುವಾಳದ ಕಾಯಿಯ ಸಿಪ್ಪೆ ನೆನೆಸಿ, ಕುದಿಸಿ, ಸೋಸಿದ ನೀರು. ಎರಡನ್ನೂ ಚೆನ್ನಾಗಿ ಕುಲುಕಿ ಇಟ್ಟಳು. ಬರೀ ನೀರಿನ ಬಾಟಲಿಯಲ್ಲಿ ಮಣ್ಣು ಉಂಡೆ ಕಟ್ಟಿಕೊಂಡು ತಳಕ್ಕೆ ಕೂತಿತು. ಇನ್ನೊಂದರಲ್ಲಿ ನೊರೆ ಎದ್ದು, ನೊರೆಯ ಕೆಳಗೆ ಕಾಡಿಗೆಯಂಥ ಪದರ ತೇಲಿತು. ತಳದ ಮಣ್ಣು ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗಿತು.

ಪೀಪಾಯಿ ಮಾವ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ.

"ಇದರಲ್ಲಿ ಏನಿದೆ ಅಂಥಾದ್ದು?"

"ಸಾಬೂನಿನಲ್ಲಿ ಇರೋ ಥರದ್ದೇ, ಆದ್ರೆ ಮರ ತಾನೇ ಮಾಡಿದ್ದು. ಅದರ ಕಣಕ್ಕೆ ಎರಡು ತುದಿ ಮಾವ. ಒಂದಕ್ಕೆ ನೀರು ಇಷ್ಟ, ಇನ್ನೊಂದಕ್ಕೆ ಎಣ್ಣೆ ಇಷ್ಟ. ಎಣ್ಣೇನ ಮಣ್ಣಿಂದ ಬಿಡಿಸಿ ಸುತ್ತ ಮುತ್ಕೊಂಡು ನೀರಿಗೆ ಎಳ್ಕೊಂಡು ಬರುತ್ತೆ."

"ಅಂದ್ರೆ ಮನೆ ದಲ್ಲಾಳಿ ಥರ. ಎರಡೂ ಕಡೆಯೋರಿಗೂ ಬೇಕಾದೋನು."

"ಹೂಂ, ಆದ್ರೆ ಇದು ಕಮಿಷನ್ ಕೇಳಲ್ಲ" ಎಂದು ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ಬೆರಳೆತ್ತಿದಳು. "ಕೇಳಿ ಮಾವ. ಮಣ್ಣು ಅಗೆದು ಹೊರಗೆ ತೆಗೀಬೇಕು. ತೊಟ್ಟಿಯಲ್ಲಿ ಹಾಕಿ ತೊಳೀಬೇಕು. ತೊಳೆದ ನೀರು ಒಂದು ತೊಟ್ಟೂ ನೆಲಕ್ಕೆ ಬೀಳ್ಬಾರ್ದು. ತುಂಬಿಸಿಡಿ, ನಾನು ಏನು ಮಾಡೋದು ಅಂತ ವಿಚಾರಿಸ್ತೀನಿ."

"ತುಂಬಿಸಿಡೋಕೆ ನಮ್ಮಲ್ಲಿ ಡ್ರಮ್ಮಿಗೇನು ಬರವಾ?"

ಅವನು ಒಂದು ಡ್ರಮ್ಮನ್ನು ಉದ್ದಕ್ಕೆ ಸೀಳಿ ದೋಣಿಯಂಥ ತೊಟ್ಟಿ ಮಾಡಿದ. ದಿನಸಿ ಮಂಡಿಯಿಂದ ಅಂಟುವಾಳದ ಮೂಟೆಗಳು ಬಂದವು. ಅಕ್ಕ ಬಾವಿಕಟ್ಟೆಯ ಮೇಲೆ ಕೂತು ಕಲ್ಲಿನಿಂದ ಕಾಯಿ ಜಜ್ಜಿ, ಕರಿ ಬೀಜ ಬೇರೆ, ಸಿಪ್ಪೆ ಬೇರೆ ಮಾಡುತ್ತಿದ್ದಳು. ಹಾಸ್ಟೆಲಿನ ದೊಡ್ಡ ಪಾತ್ರೆಗಳ ರೂಢಿ ಅವಳಿಗೆ. ಸಿಪ್ಪೆ ಎಷ್ಟು ಹೊತ್ತು ನೆನೆಯಬೇಕು, ಕುದಿ ಎಷ್ಟು ಸಾಕು ಎನ್ನುವುದನ್ನು ಬೆರಳಲ್ಲಿ ಮುಟ್ಟಿ ಹೇಳುತ್ತಿದ್ದಳು. ಅವನು ಒಂದು ಬುಟ್ಟಿ ಮಣ್ಣು ತೊಟ್ಟಿಗೆ ಹಾಕಿ, ನೊರೆನೀರು ಹೊಯ್ದು, ಮರದ ಹಲಗೆಯಿಂದ ತಿರುವುತ್ತಿದ್ದ. ಕರಿ ನೊರೆಯನ್ನು ಹೊಟ್ಟಿನಿಂದ ಎತ್ತಿ, ನೀರನ್ನು ಡ್ರಮ್ಮಿಗೆ ತುಂಬಿ, ಮಣ್ಣನ್ನು ಟಾರ್ಪಾಲಿನ ಮೇಲೆ ಹರಡುತ್ತಿದ್ದ.

ಟೈಲರು ಗೋಡೆಯ ಮೇಲಿಂದ ಕತ್ತು ಚಾಚಿದ. "ಏನು ಪೀಪಾಯಿ ಮಾವ, ನೆಲಕ್ಕೆ ತಲೆಸ್ನಾನ ಮಾಡಿಸ್ತಿದ್ದೀರಂತೆ?"

"ಹೂಂ. ನಿನ್ನ ತಲೇನೂ ತಾ, ಸ್ವಲ್ಪ ಜಿಡ್ಡು ಇಳೀಲಿ."

"ಬೇಡಪ್ಪ, ಇರೋ ನಾಲ್ಕು ಕೂದಲೂ ನೀರಿಗೆ ಹೋಗುತ್ತೆ. ನೆಲ ಒಣಗಿದ ಮೇಲೆ ಹೇಳಿ, ಇಸ್ತ್ರಿ ಮಾಡ್ಕೊಡ್ತೀನಿ."

ತೊಳೆದ ಮೊದಲ ಮಣ್ಣನ್ನು ಅಕ್ಕ ಒಂದು ಒಡಕು ಬೇಸಿನ್ನಿಗೆ ತುಂಬಿ ಮೆಂತ್ಯ ಹಾಕಿದಳು. ಅದು ಮೊಳೆತು, ಎಲೆ ಬಿಟ್ಟು, ಹಸಿರಾಗಿಯೇ ನಿಂತಿತು. ಅಕ್ಕ ಬೇಸಿನ್ನನ್ನು ಮಗುವಿನ ಹಾಗೆ ಸೊಂಟದ ಮೇಲಿಟ್ಟುಕೊಂಡು ಅಕ್ಕಪಕ್ಕದ ಮನೆಗಳಿಗೆ ತೋರಿಸಿಕೊಂಡು ಬಂದಳು. ಆ ಒಂದು ಬೇಸಿನ್ನಿನ ಹಸಿರು ಪೀಪಾಯಿ ಮಾವನ ತಲೆಗೆ ಏರಿತು.

ಆದರೆ ಬುಟ್ಟಿ ಚಿಕ್ಕದು, ಹಿತ್ತಲು ದೊಡ್ಡದು. ಅಗೆದಷ್ಟೂ ಕರಿ ಮಣ್ಣು ಕೆಳಗೆ ಇತ್ತು. ಅವನ ಸೊಂಟ ಹಿಡಿದುಕೊಂಡಿತು. ತೊಳೆದ ನೀರು ತುಂಬಿದ ಡ್ರಮ್ಮುಗಳು ಗೋಡೆಯುದ್ದಕ್ಕೂ ಸಾಲು ನಿಂತವು, ಕಸ ಒಯ್ಯುವವರು ಅವುಗಳ ಹತ್ತಿರವೂ ಸುಳಿಯಲಿಲ್ಲ. ಅಕ್ಕನ ಮಗಳು ಫೋನಿನಲ್ಲಿ, "ಇನ್ನೊಂದು ಕಚೇರಿಗೆ ಬರೆದಿದ್ದೀನಿ ಮಾವ, ಸ್ವಲ್ಪ ತಡೀರಿ" ಅನ್ನುತ್ತಿದ್ದಳು. ಆಕಾಶ ತಡೆಯಲಿಲ್ಲ. ಮಧ್ಯಾಹ್ನಗಳಲ್ಲಿ ಮೋಡ ಕಟ್ಟತೊಡಗಿತು. ಒಂದು ದಿನ ಅಕ್ಕ ಮಗಳ ಜೊತೆ ಮಾತಾಡುತ್ತಾ, "ಮೇಲಿನ ಕೋಣೆಗೆ ಬಿಸಿಲು ಬರುತ್ತಾ?" ಎಂದು ಕೇಳುವುದು ಅವನಿಗೆ ಕೇಳಿಸಿತು.

ಅವತ್ತು ಅವನು ತೊಟ್ಟಿಯ ಪಕ್ಕ ಕೂತು ತನ್ನ ಕಸುಬಿನ ದಾರಿಯಲ್ಲೇ ಯೋಚಿಸಿದ. ಡ್ರಮ್ಮು ತೊಳೆಯಲು ಯಾರೂ ಡ್ರಮ್ಮನ್ನು ತುಂಡು ಮಾಡುವುದಿಲ್ಲ. ಇದ್ದ ಹಾಗೆಯೇ ಒಳಗೆ ಹೊಯ್ದು, ಕಲಕಿ, ಎದ್ದ ಕೊಳೆಯನ್ನು ಹೊಟ್ಟಿನಿಂದ ಹೀರಿಸಿದರೆ ಆಯಿತು. ನೆಲವನ್ನು ಯಾಕೆ ಬುಟ್ಟಿ ಬುಟ್ಟಿ ಎತ್ತಬೇಕು? ಅಲ್ಲೇ ಹೊಯ್ದು ಅಲ್ಲೇ ಕಲಕಿದರೆ ಎಣ್ಣೆ ಮೇಲೆ ತೇಲುತ್ತದೆ, ಎಣ್ಣೆ ಯಾವತ್ತಾದರೂ ನೀರಿನ ಕೆಳಗೆ ಹೋದದ್ದುಂಟೇ? ಜೀವಮಾನವೆಲ್ಲ ತಳ ಇರುವ ಪಾತ್ರೆಗಳನ್ನೇ ತೊಳೆದವನಿಗೆ, ತಳವಿಲ್ಲದ್ದನ್ನು ತೊಳೆಯುತ್ತಿದ್ದೇನೆ ಎನ್ನುವುದು ಹೊಳೆಯಲಿಲ್ಲ.

ಅಕ್ಕನ ಮಗಳಿಗೆ ಅವನು ಫೋನು ಮಾಡಲಿಲ್ಲ. ಮಾಡಿದರೆ ಬೇಡ ಅನ್ನುತ್ತಾಳೆ ಎಂಬುದು ಅವನಿಗೆ ಗೊತ್ತಿತ್ತು.

ಮರುದಿನದಿಂದ ನೊರೆನೀರನ್ನು ಡ್ರಮ್ಮುಗಟ್ಟಲೆ ಮಾಡಿದರು. ಅವನು ಹಿತ್ತಲನ್ನು ಪಾತಿ ಪಾತಿಯಾಗಿ ಕಟ್ಟಿ, ಗುದ್ದಲಿಯಿಂದ ಸಡಿಲಿಸಿ, ನೀರು ಹೊಯ್ದು, ಕಾಲಲ್ಲಿ ತುಳಿದು ಕೆಸರು ಮಾಡಿದ. ಕರಿ ನೊರೆ ಎದ್ದಿತು. ಹೊಟ್ಟು ಚೆಲ್ಲಿ ಅದನ್ನು ಬಳಿದು ಎತ್ತಿದ. ಮತ್ತೆ ಹೊಯ್ದ, ಮತ್ತೆ ತುಳಿದ. ನೊರೆ ಕಪ್ಪಿನಿಂದ ಕಂದಾಯಿತು, ಕಂದಿನಿಂದ ಬಿಳಿಯಾಯಿತು. ನೊರೆ ಬಿಳಿಯಾಯಿತು ಅಂದರೆ ತೊಳೆದಂತೆ. ಹಲಗೆಯಷ್ಟು ಗಟ್ಟಿಯಾಗಿದ್ದ ನೆಲ ಬೆರಳಿಗೆ ಪುಡಿಯಾಗಿ ಬಂತು. ಅಕ್ಕ ಒಂದು ಹಿಡಿ ಎತ್ತಿ ಮೂಸಿ ನೋಡಿ, "ಮಣ್ಣಿನ ವಾಸನೆ ಕಣೋ" ಅಂದಳು. ಅವಳ ಕಣ್ಣು ತುಂಬಿದ್ದನ್ನು ನೋಡಿ ಅವನು ಸೊಂಟ ನೋವಿನ ನೆಪ ಹೇಳಿ ಆ ಕಡೆ ತಿರುಗಿಕೊಂಡ.

ಮೊದಲ ಮಳೆ ಬಂದ ಸಂಜೆ ಇಬ್ಬರೂ ಹಿಂಬಾಗಿಲಲ್ಲಿ ನಿಂತಿದ್ದರು. ದಪ್ಪ ಹನಿಗಳು ಬಿದ್ದವು. ಅಕ್ಕ ಅವನ ತೋಳು ಹಿಡಿದು ಜಗ್ಗಿದಳು.

"ನೋಡೋ! ಹರೀತಾ ಇಲ್ಲ! ಒಂದು ಹನೀನೂ ಹರೀತಾ ಇಲ್ಲ!"

ನಿಜವಾಗಿಯೂ ಹರಿಯುತ್ತಿರಲಿಲ್ಲ. ಬಿದ್ದ ಮಳೆಯನ್ನೆಲ್ಲ ನೆಲ ಗಟಗಟನೆ ಕುಡಿಯುತ್ತಿತ್ತು. ಗೋಡೆಯ ತೂತಿನಿಂದ ಬೀದಿಗೆ ಒಂದು ಎಳೆ ನೀರೂ ಹೋಗಲಿಲ್ಲ. ಅಕ್ಕ ಚಿಕ್ಕ ಹುಡುಗಿಯ ಹಾಗೆ ಮಳೆಗೆ ಇಳಿದು, ಅಂಗಾಲು ಕೆಸರಿನಲ್ಲಿ ಹೂತುಕೊಂಡು, ವಾಪಸು ಬರುವಾಗ ಜಾರಿ ಅವನ ಮೈಮೇಲೆ ಬಿದ್ದಳು. "ಮಗಳಿಗೆ ಹೇಳ್ಬಿಡ್ತೀನಿ, ಆ ಕೋಣೆ ಬೇರೆ ಯಾರಿಗಾದ್ರೂ ಕೊಡ್ಲಿ ಅಂತ" ಅಂದಳು. ಅವನ ಜೀವನದಲ್ಲಿ ಅಂಥ ಸಂಜೆಗಳು ಹೆಚ್ಚಿರಲಿಲ್ಲ. ಅದೇ ಕೊನೆಯದು.

ಮಳೆ ಹಿಡಿದು ಸುರಿಯಿತು. ಮಡಿಗಳಲ್ಲಿ ಸೊಪ್ಪು ಬೆರಳುದ್ದ ಎದ್ದಿತ್ತು. ಒಂದು ಬೆಳಿಗ್ಗೆ ಬಾವಿಯಿಂದ ಕೊಡ ಎಳೆದ ಅಕ್ಕ, "ಲೋ, ಈ ಹಗ್ಗಕ್ಕೆ ನಿನ್ನ ಎಣ್ಣೆ ಕೈ ಹಾಕಿದ್ಯಾ?" ಎಂದು ಕೂಗಿದಳು.

"ಇಲ್ಲವಲ್ಲ."

"ಮತ್ತೆ ವಾಸನೆ?"

ಅವನು ಹಗ್ಗ ಮೂಸಿದ. ಕೊಡ ಮೂಸಿದ. ಒಳಗೆ ಹೋಗಿ ಕನ್ನಡಿ ತಂದ. ಮೋಡ ಸರಿದು ಬಿಸಿಲು ಬರುವವರೆಗೆ ಕಟ್ಟೆಯ ಮೇಲೆ ಕಾದ. ಬಿಸಿಲು ಬಂತು. ಬೆಳಕನ್ನು ಬಾವಿಯೊಳಕ್ಕೆ ಇಳಿಬಿಟ್ಟ. ನೀರಿನ ಮೇಲೆ ನೀಲಿ, ನೇರಳೆ, ಹಳದಿ ಬಣ್ಣಗಳು ಸುರುಳಿ ಸುರುಳಿಯಾಗಿ, ನಿಧಾನವಾಗಿ ತಿರುಗುತ್ತಿದ್ದವು. ಮೂವತ್ತು ವರ್ಷದಿಂದ ಡ್ರಮ್ಮುಗಳ ತಳದಲ್ಲಿ ಅವನು ನೋಡುತ್ತಾ ಬಂದ ಬಣ್ಣಗಳೇ.

ಅಕ್ಕನ ಮಗಳು ಆ ದಿನವೇ ಬಂದಳು. ಹಿತ್ತಲನ್ನು ನೋಡಿದ ಕೂಡಲೇ ಅವಳಿಗೆ ಎಲ್ಲ ಅರ್ಥವಾಯಿತು. ಬೈಯುತ್ತಾಳೆ ಎಂದು ಅವನು ತಲೆ ತಗ್ಗಿಸಿಕೊಂಡು ನಿಂತಿದ್ದ. ಅವಳು ಬೈಯಲಿಲ್ಲ, ಅದಕ್ಕೇ ಅವನಿಗೆ ಹೆದರಿಕೆಯಾಯಿತು.

"ಆ ಕರಿ ಪದರ ಇತ್ತಲ್ಲ ಮಾವ, ಅದೇ ಈ ಬಾವೀನ ಕಾಯ್ತಾ ಇತ್ತು. ಮಳೇನ ಒಳಗೆ ಬಿಡ್ತಿರಲಿಲ್ಲ. ಎಣ್ಣೆ ಮಣ್ಣಿಗೆ ಕಚ್ಕೊಂಡು ಅಲ್ಲೇ ಕೂತಿತ್ತು. ಅಂಟುವಾಳ ಎರಡು ಕೆಲಸ ಮಾಡ್ತು. ಎಣ್ಣೇನ ಮಣ್ಣಿಂದ ಬಿಡಿಸ್ತು, ಮಣ್ಣಿಗೆ ನೀರು ಕುಡಿಯೋದು ಕಲಿಸ್ತು. ನೊರೇಲಿ ಮೇಲೆ ಬಂದಿದ್ದು ಸ್ವಲ್ಪ. ಮಿಕ್ಕಿದ್ದು ಸಣ್ಣ ಸಣ್ಣ ಕಣ ಆಗಿ ಮಳೆ ಜೊತೆ ಇಳೀತು."

"ಎಣ್ಣೆ ತೇಲುತ್ತಲ್ಲ?"

"ಬರೀ ಎಣ್ಣೆ ತೇಲುತ್ತೆ. ಇದನ್ನ ನೀರಿನ ಜೊತೆ ನಾವೇ ಸೇರಿಸಿದ್ವಿ."

ಅವಳು 'ನಾವು' ಅಂದದ್ದನ್ನು ಅವನು ಗಮನಿಸಿದ. ತನ್ನ ಪಾಲಿನ ತಪ್ಪನ್ನು ಅವಳು ಅಡುಗೆಮನೆಯ ಆ ಎರಡು ಬಾಟಲಿಗಳಿಂದ ಲೆಕ್ಕ ಹಾಕುತ್ತಿದ್ದಳೋ ಏನೋ.

"ಏನೂ ಮಾಡದೆ ಬಿಟ್ಟಿದ್ರೆ?"

"ಬಿಟ್ಟಿದ್ರೆ ಏನೂ ಬೆಳೀತಿರಲಿಲ್ಲ. ಬಾವಿ ಉಳೀತಿತ್ತು."

"ಈಗ?"

ಅವಳು ಬಾವಿಯ ಕಡೆ ನೋಡಿದಳು.

ಅವನು ಬಾವಿಯನ್ನು ಖಾಲಿ ಮಾಡಲು ಹೊರಟ. ಬಾಡಿಗೆಗೆ ಪಂಪು ತಂದು ನೀರೆಲ್ಲ ಮೇಲೆತ್ತಿ ಡ್ರಮ್ಮುಗಳಿಗೆ ತುಂಬಿದ. ಡ್ರಮ್ಮುಗಳು ಮುಗಿದವು. ತಾನೇ ಒಳಗಿಳಿದು, ತಳದ ಕೆಸರು ಬಳಿದು, ಗೋಡೆ ಉಜ್ಜಿ ಮೇಲೆ ಬಂದ. ಬೆಳಿಗ್ಗೆ ಹೊಸ ನೀರು ಬಂದಿತ್ತು, ಅದರ ಮೇಲೆ ಅದೇ ಬಣ್ಣಗಳು. ಮತ್ತೆ ಎತ್ತಿಸಿದ. ಮತ್ತೆ ಬಂದವು. ಪಂಪಿನವನೇ ಕೊನೆಗೆ, "ಬಿಟ್ಬಿಡಿ ಮಾವ, ನನಗೆ ನಿಮ್ಮ ಬಾಡಿಗೆ ತಗೊಳ್ಳೋಕೆ ಮನಸ್ಸು ಬರ್ತಿಲ್ಲ" ಎಂದು ಪಂಪು ಬಿಚ್ಚಿಕೊಂಡು ಹೋದ.

ಆ ಬಾವಿಯ ನೀರನ್ನು ಆ ಸಾಲಿನ ಮನೆಗಳವರೆಲ್ಲ ಕುಡಿಯುತ್ತಿದ್ದರು. ನಲ್ಲಿಯಲ್ಲಿ ನೀರು ಬರದ ದಿನಗಳಲ್ಲಿ ಅವರಿಗೆ ಇದ್ದದ್ದು ಅದೊಂದೇ. ಊರಾಡಳಿತದವರು ಬಂದು ಬಾವಿಯ ಬಾಯಿಗೆ ಕಬ್ಬಿಣದ ತಗಡು ಮುಚ್ಚಿ, ಕುಡಿಯಬಾರದೆಂದು ಬರೆದು ಹೋದರು. ಬೀದಿಯ ಕೊನೆಗೆ ನೀರಿನ ಟ್ಯಾಂಕರ್ ಬರತೊಡಗಿತು. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಯಾರೂ ಪೀಪಾಯಿ ಮಾವನ ಮನೆಯ ಮುಂದೆ ನಿಂತು ಕೂಗಾಡಲಿಲ್ಲ. ಮಾತು ಮಾತ್ರ ನಿಂತಿತು. ಟೈಲರು ಗೋಡೆಯ ಮೇಲೆ ಗಾಜಿನ ಚೂರು ಹಾಕಿಸಿದ. ಹಾಕಿಸುವ ದಿನ ಇವನನ್ನು ನೋಡಿ, "ಬೆಕ್ಕಿನ ಕಾಟ ಜಾಸ್ತಿ ಆಗಿದೆ" ಅಂದ. ಆ ಬೀದಿಯಲ್ಲಿ ಬೆಕ್ಕಿರಲಿಲ್ಲ.

ಅಕ್ಕ ಇನ್ನೂ ಕೆಲವು ವಾರ ಇದ್ದಳು. ಕೊಡ ಹಿಡಿದುಕೊಂಡು ಟ್ಯಾಂಕರಿನ ಸಾಲಿನಲ್ಲಿ ನಿಲ್ಲುತ್ತಿದ್ದಳು. ಅವಳು ಸಾಲಿಗೆ ಬಂದ ಕೂಡಲೇ ಮಿಕ್ಕ ಹೆಂಗಸರ ಮಾತು ತಗ್ಗುತ್ತಿತ್ತು. ಒಂದು ದಿನ ಒಬ್ಬಳು, ಎಳೆ ಮಗುವಿನ ತಾಯಿ, ಇವಳ ಕಡೆ ತಿರುಗದೆ, "ಅವರ ಸೊಪ್ಪು ಚೆನ್ನಾಗಿ ಬಂದಿದೆಯಂತೆ" ಅಂದಳು. ಸೊಪ್ಪು ನಿಜಕ್ಕೂ ಚೆನ್ನಾಗಿ ಬಂದಿತ್ತು. ಮಡಿ ತುಂಬ ಹಸಿರು, ಬದನೆ ಗಿಡ ಮೊಳಕಾಲೆತ್ತರ. ಅದನ್ನು ತಿನ್ನುವ ಧೈರ್ಯ ಅಕ್ಕನಿಗೂ ಇರಲಿಲ್ಲ. ಆ ಸಂಜೆ ಅವಳು ಎಲ್ಲವನ್ನೂ ಬುಡಸಮೇತ ಕಿತ್ತು ರಾಶಿ ಹಾಕಿದಳು.

ಹೋಗುವ ದಿನ ಊಟಕ್ಕೆ ಬಡಿಸಿ ಅವನ ಎದುರಿಗೆ ಕೂತಳು.

"ನಿನ್ನ ಬೈಯೋಣ ಅಂತ ಎಷ್ಟೋ ಸಲ ಬಾಯಿಗೆ ಬಂತು. ನೀನು ಮಾಡಿದ್ದು ನನಗೋಸ್ಕರ. ಏನಂತ ಬೈಲಿ?"

"ಬೈದುಬಿಡಕ್ಕ. ಬೈದು ಇಲ್ಲೇ ಇರು."

"ಮೊಣಕಾಲು ಸಾಲಲ್ಲಿ ನಿಲ್ಲೋಕೆ ಬಿಡಲ್ಲ ಕಣೋ." ಸೌಟನ್ನು ಪಾತ್ರೆಗೆ ಇಳಿಸಿ, "ಅವರ ಕಣ್ಣು ಅದಕ್ಕಿಂತ ಕಷ್ಟ. ನೀನೂ ಬಾ ಅಂದ್ರೆ ಬರಲ್ಲ" ಅಂದಳು.

"ನಾನು ಹೋದ್ರೆ ಓಡಿಹೋದ ಅಂತಾರೆ."

ಅವಳು ಅವನ ತಟ್ಟೆಗೆ ಮತ್ತೆ ಬಡಿಸಿದಳು. ಅವನು ಬೇಡ ಅನ್ನಲಿಲ್ಲ, ತಿನ್ನಲೂ ಇಲ್ಲ.

ಅವಳು ಹೋದ ಮೇಲೆ ಮನೆ ಮೊದಲಿನ ಹಾಗೆ ಆಯಿತು. ಮೊದಲು ಅವನಿಗೆ ಆ ಮೌನದ ಅರಿವಿರಲಿಲ್ಲ, ಈಗ ಇತ್ತು, ವ್ಯತ್ಯಾಸ ಅಷ್ಟೇ. ಡ್ರಮ್ಮಿನ ಕಸುಬಿಗೆ ಅವನು ಮರಳಲಿಲ್ಲ. ಗ್ಯಾರೇಜಿನವರು ಕರೆದರೆ, "ಕೈ ಬರ್ತಿಲ್ಲ" ಅನ್ನುತ್ತಿದ್ದ. ಹಿತ್ತಲಲ್ಲಿ ಹುಲ್ಲು ತಾನಾಗಿ ಬೆಳೆದು, ಇರುವೆ ಬಂದು, ಒಂದು ಹಕ್ಕಿ ದಿನವೂ ಬಂದು ಏನನ್ನೋ ಕುಕ್ಕಿ ಹೋಗುತ್ತಿತ್ತು. ಅವನು ಆ ಕಡೆಯ ಬಾಗಿಲು ತೆರೆಯುವುದನ್ನೇ ಬಿಟ್ಟ.

ಮಳೆಗಾಲ ಮುಗಿದ ಮೇಲೆ ಊರಾಡಳಿತದವರು ಕಳಿಸಿದ ಮಣ್ಣು ಪರೀಕ್ಷೆಯವನು ಬಂದ. ಚಿಕ್ಕ ವಯಸ್ಸು, ಮರ್ಯಾದಸ್ಥ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದ. ಎಣ್ಣೆ ಎಲ್ಲಿಯವರೆಗೆ ಇಳಿದಿದೆ ಎಂದು ಗೊತ್ತಾದರೆ, ಬೀದಿಯ ಕೆಳಗಿನ ಬಾವಿಗಳು ಉಳಿಯುತ್ತವೋ ಇಲ್ಲವೋ ಹೇಳಬಹುದು ಎಂದು ವಿವರಿಸಿದ. ಅವನ ಹತ್ತಿರ ನೆಲ ಕೊರೆಯುವ ಕೈ ಬೈರಿಗೆ ಇತ್ತು. ಆಳಕ್ಕೆ ಹೋದಂತೆ ಒಂದರ ತುದಿಗೆ ಒಂದು ಜೋಡಿಸಲು ಸರಳುಗಳ ಕಟ್ಟು ಇತ್ತು. ಜೊತೆಗೆ ಬರಬೇಕಾದ ಸಹಾಯಕ ಬಂದಿರಲಿಲ್ಲ. ಪೀಪಾಯಿ ಮಾವನೇ ಸ್ಪ್ಯಾನರ್ ತಂದು, ಹಿಡಿಯ ಇನ್ನೊಂದು ತುದಿಯನ್ನು ಹಿಡಿದ.

ಇಬ್ಬರೂ ಎದುರೆದುರು ನಿಂತು ಗಾಣದ ಎತ್ತುಗಳ ಹಾಗೆ ಸುತ್ತಿದರು. ಮೊದಲು ಬಂದ ಮಣ್ಣು ಕಂದು, ಬೇರಿನ ಎಳೆಗಳಿದ್ದವು, ವಾಸನೆಯಿರಲಿಲ್ಲ.

"ಮೇಲುಗಡೆ ಚೆನ್ನಾಗಿದೆ ಯಜಮಾನರೇ" ಅಂದ ಹುಡುಗ. ಅವನು ನಿಜವಾಗಿಯೂ ಸಮಾಧಾನಕ್ಕೆ ಹೇಳಿದ್ದು.

ಅದರ ಕೆಳಗೆ ಜೇಡಿಮಣ್ಣು ಬಂತು, ಬಿರುಕುಗಳ ಉದ್ದಕ್ಕೂ ಕರಿ ಗೆರೆಗಳು. ಎರಡನೆಯ ಸರಳು ಜೋಡಿಸಿದರು. ಗೆರೆಗಳು ದಪ್ಪವಾದವು. ಮೂರನೆಯ ಸರಳಿಗೆ ಜೇಡಿ ಮುಗಿದು ಮರಳು ಬಂತು. ಮರಳು ಒದ್ದೆಯಾಗಿತ್ತು, ಕಪ್ಪಗಿತ್ತು, ಅಂಗೈಯಲ್ಲಿ ಇಟ್ಟರೆ ಜಾರುತ್ತಿತ್ತು. ಹುಡುಗ ಅದನ್ನು ಡಬ್ಬಿಗೆ ತುಂಬಿ ಮುಚ್ಚಳ ಬಿಗಿದ. ಕಟ್ಟಿನಲ್ಲಿದ್ದ ಸರಳುಗಳೆಲ್ಲ ನೆಲದೊಳಗೆ ಹೋದವು. ಕೊನೆಯ ಸಲ ಮೇಲೆ ಬಂದ ಮರಳೂ ಕಪ್ಪಗೇ ಇತ್ತು. ಇನ್ನು ಜೋಡಿಸಲು ಸರಳಿರಲಿಲ್ಲ.

ಹುಡುಗ ಹಣೆ ಒರೆಸಿಕೊಂಡು ಹಿಡಿಗೆ ಒರಗಿ ನಿಂತ. ಬೈಯುವ ದನಿಯಲ್ಲಿ ಅಲ್ಲ, ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದ: "ಸುರಿಯೋ ಮುಂಚೆ, ಇದು ಎಷ್ಟು ಆಳಕ್ಕೆ ಹೋಗಬಹುದು ಅಂತ ಯಾರೂ ಯೋಚನೆ ಮಾಡ್ಲಿಲ್ವಾ?"

ಪೀಪಾಯಿ ಮಾವ ಸ್ಪ್ಯಾನರನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ಯೋಚನೆ ಮಾಡಿದವಳು ಒಬ್ಬಳಿದ್ದಳು. ನೊರೆನೀರಿನ ಮೊದಲ ಡ್ರಮ್ಮನ್ನು ಅವನು ಬಗ್ಗಿಸಲು ಹೊರಟಾಗ, ಬಾವಿಕಟ್ಟೆಯ ಮೇಲೆ ಕೂತು ಕಾಯಿ ಜಜ್ಜುತ್ತಿದ್ದ ಅಕ್ಕ ಕಲ್ಲನ್ನು ಕೆಳಗಿಟ್ಟು ಇದನ್ನೇ ಕೇಳಿದ್ದಳು. ಅವನು ಗುದ್ದಲಿಯನ್ನು ನೆಲಕ್ಕೆ ಊರಿ ನಿಲ್ಲಿಸಿ, ಅದರ ಕಾವಿನ ಮೇಲೆ ಹೆಬ್ಬೆರಳಿಟ್ಟು ತೋರಿಸಿ, ಪಕ್ಕದ ಮನೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ್ದ:

"ಹೆಚ್ಚೆಂದ್ರೆ ಒಂದೂವರೆ ಅಡಿ."